ತಂತಿಯ ಜಾಲ, ಕೊಳವೆಯ ಜಾಲ: ಅವುಗಳನ್ನು ಹೊಂದಿಸುವ ಮಂಡಲಿಗಳು



ಗುಂಡಿಯನ್ನೊತ್ತಿದರೆ ಬೆಳಕು ಬರುವುದು, ಒಲೆಯ ತಿರುಪನ್ನು ತಿರುಗಿಸಿದರೆ ಉರಿ ಏಳುವುದು. ಇವೆರಡೂ ನಮಗೆ ಎಷ್ಟು ವಾಡಿಕೆಯಾಗಿ ಹೋಗಿವೆಯೆಂದರೆ, ಇವುಗಳ ಹಿಂದೆ ಏನುಂಟು ಎಂಬ ಪ್ರಶ್ನೆಯೇ ಸಾಮಾನ್ಯವಾಗಿ ಏಳುವುದಿಲ್ಲ. ಬೆಳಕು ಹೋದಾಗ ಮಾತ್ರ ಆ ಪ್ರಶ್ನೆ ಏಳುವುದು. ಆಗ ನಾವು ಬೈಯುವುದು ಕಂಬದ ಮೇಲಿರುವ ಲೈನ್‌ಮನ್ನನನ್ನು. ಆದರೆ ಆ ತಂತಿಯ ಒಂದು ತುದಿ ಅವನ ಕೈಯಲ್ಲಿದ್ದರೆ ಇನ್ನೊಂದು ತುದಿ ನೂರಾರು ಮೈಲಿಗಳಾಚೆ ಬೇರೊಬ್ಬ ಒಡೆಯನ ವಶದಲ್ಲಿರುವುದು. ನಡುವೆ ಇನ್ನೂ ಕೆಲವರು ಒಡೆಯರುಂಟು. ಇಷ್ಟು ಜನ ಒಡೆಯರು ಒಂದೇ ಯಂತ್ರದ ಅಂಗಗಳಂತೆ ನಡೆದುಕೊಳ್ಳಬೇಕಾದರೆ ಅವರೆಲ್ಲರೂ ಕೂಡಿ ಕುಳಿತು ಒಪ್ಪಂದಕ್ಕೆ ಬರುವ ಸ್ಥಳವೊಂದು ಬೇಕು. ಅಂಥ ಮಂಡಲಿಗಳ ಕರ್ತವ್ಯವೇನು, ಅವುಗಳ ಅಧಿಕಾರದ ಎಲ್ಲೆ ಯಾವುದು, ಸಾಮಾನ್ಯ ಗೃಹಸ್ಥನಿಗೆ ಅವುಗಳಿಂದ ಆಗುವುದೇನು ಎಂಬುದನ್ನು ದಾವಣಗೆರೆ ಮತ್ತು ಹರಿಹರಗಳನ್ನು ಕಣ್ಣ ಮುಂದಿಟ್ಟುಕೊಂಡು ವಿಚಾರಮಾಡೋಣ.

ಮೊದಲು ನಮ್ಮ ನಾಡಿನಲ್ಲಿ ಈ ತೊಡಕು ಇರಲಿಲ್ಲ. 1902ನೆಯ ಇಸವಿಯ ಜೂನ್ ತಿಂಗಳಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ಹುಟ್ಟಿದ ವಿದ್ಯುತ್ತು ಸುಮಾರು 92 ಮೈಲಿಗಳ ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂದಿತು. 1948ರಲ್ಲಿ ಜೋಗದ ವಿದ್ಯುದಾಗಾರ ಕೆಲಸಕ್ಕೆ ಮೊದಲಿಟ್ಟಿತು. ಇದರ ನಡುವೆ ದಾವಣಗೆರೆಯಲ್ಲಿ ಹತ್ತಿಯ ಗಿರಣಿಗಳೂ, 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಯಂತ್ರದ ಕಾರ್ಖಾನೆಯೂ ತಲೆಯೆತ್ತಿದುವು. ಆ ಕಾಲದಲ್ಲಿ ವಿದ್ಯುತ್ತನ್ನು ಹುಟ್ಟಿಸುವುದೂ, ದೂರಕ್ಕೆ ಸಾಗಿಸುವುದೂ, ಊರಿನಲ್ಲಿ ಹಂಚುವುದೂ ಬಹುಮಟ್ಟಿಗೆ ಒಂದೇ ಇಲಾಖೆಯ ಕೆಲಸವಾಗಿತ್ತು. 1957ರಲ್ಲಿ ಇಲಾಖೆ ಹೋಗಿ ವಿದ್ಯುಚ್ಛಕ್ತಿ ಮಂಡಲಿ ಬಂದಮೇಲೂ ಸಾಗಿಸುವುದರಲ್ಲಿಯೂ ಹಂಚುವುದರಲ್ಲಿಯೂ ಈ ಏಕತೆ ಕೆಡಲಿಲ್ಲ. ತಕರಾರೇನಾದರೂ ಬಂದರೆ ಒಂದೇ ಕಛೇರಿಯ ಒಳಗೆ ಅದು ತೀರುತ್ತಿತ್ತು.

1999ರಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ಸುಧಾರಣಾ ಶಾಸನ ಜಾರಿಗೆ ಬಂದಿತು. ಮಂಡಲಿಯ ಆಸ್ತಿ ಒಡೆದು ಪಾಲಾಯಿತು. ದೊಡ್ಡ ತಂತಿಗಳು ಕರ್ನಾಟಕ ವಿದ್ಯುತ್ ಪ್ರಸರಣ ನಿಗಮಕ್ಕೆ ಸೇರಿದುವು. 2002ರಲ್ಲಿ ಊರೂರುಗಳಲ್ಲಿ ಹಂಚುವ ಕೆಲಸಕ್ಕೆ ಬೇರೆ ಕಂಪನಿಗಳು ಹುಟ್ಟಿದುವು. ದಾವಣಗೆರೆ ಜಿಲ್ಲೆ ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿಯ, ಎಂದರೆ ಬೆಸ್ಕಾಮಿನ, ಪಾಲಿಗೆ ಬಂದಿತು. ಹರಿಹರದ ಸೇತುವೆಯ ಮೇಲೆ ತುಂಗಭದ್ರೆಯನ್ನು ದಾಟಿದರೆ ಕುಮಾರಪಟ್ಟಣ. ಅದು ಹಾವೇರಿ ಜಿಲ್ಲೆ, ಅಲ್ಲಿ ಹುಬ್ಬಳ್ಳಿಯ ಹೆಸ್ಕಾಂ ಕಂಪನಿಯ ಆಡಳಿತ. ಪಶ್ಚಿಮದ ಶಿವಮೊಗ್ಗದ ಕಡೆಗೆ ಹೊರಟರೆ ಮಂಗಳೂರಿನ ಮೆಸ್ಕಾಂ. ಬಳ್ಳಾರಿಯ ಕಡೆಗೆ ನಡೆದರೆ ಕಲಬುರಗಿಯ ಜೆಸ್ಕಾಂ. ನದಿಯ ಈ ದಡದ ದೀಪಕ್ಕೂ ಆ ದಡದ ದೀಪಕ್ಕೂ ಯಜಮಾನರು ಬೇರೆ. ಆದರೆ ಎರಡು ದಡಗಳಲ್ಲಿಯೂ ಹರಿಯುವ ವಿದ್ಯುತ್ತು ಒಂದೇ.

ಕೆ.ಬಿ. ಬಡಾವಣೆಯ ಒಂದು ಮನೆಗೆ ಬರುವ ವಿದ್ಯುತ್ತಿನ ದಾರಿಯನ್ನು ಹಿಂಬಾಲಿಸೋಣ. ಮನೆಯಲ್ಲಿರುವುದು 230 ವೋಲ್ಟುಗಳ ಒತ್ತಡ. ಬೀದಿಯ ಟ್ರಾನ್ಸ್‌ಫಾರ್ಮರಿಗೆ ಬರುವುದು 11,000 ವೋಲ್ಟು. ಇಲ್ಲಿಯವರೆಗೆ ಬೆಸ್ಕಾಮಿನ ಹೊಣೆ. ಅದರ ಹಿಂದೆ ಇನ್ನೂ ಹೆಚ್ಚಿನ ಒತ್ತಡದ ಕೇಂದ್ರಗಳು, ಹರಿಹರ ತಾಲ್ಲೂಕಿನ ಗುತ್ತೂರಿನಲ್ಲಿರುವ 400 ಕಿಲೋವೋಲ್ಟಿನ ದೊಡ್ಡ ಕೇಂದ್ರ. ಇವು ಪ್ರಸರಣ ನಿಗಮದವು. ರಾಜ್ಯದಿಂದ ರಾಜ್ಯಕ್ಕೆ ಹೋಗುವ ಮಹಾಮಾರ್ಗಗಳಲ್ಲಿ ಬಹುಪಾಲು ಭಾರತ ಸರ್ಕಾರದ ಒಡೆತನದ ಪವರ್ ಗ್ರಿಡ್ ಎಂಬ ಸಂಸ್ಥೆಯವು. ವಿದ್ಯುತ್ತನ್ನು ಹುಟ್ಟಿಸುವವರಂತೂ ಶರಾವತಿಯಲ್ಲೊಬ್ಬರು, ಕೈಗಾದಲ್ಲೊಬ್ಬರು, ಗಾಳಿಯ ಗಿರಣಿಗಳನ್ನು ನಿಲ್ಲಿಸಿರುವ ಚಿತ್ರದುರ್ಗದ ಗುಡ್ಡಗಳ ಮೇಲೆ ಮತ್ತೆ ಹಲವರು.

ಇಷ್ಟೊಂದು ಒಡೆಯರಿದ್ದರೆ ಏನಾಯಿತು, ಅಕ್ಕಿಯ ವ್ಯಾಪಾರದಲ್ಲಿಯೂ ಹೀಗೆಯೇ ಇಲ್ಲವೆ ಎಂದು ಕೆಲವರು ಕೇಳಬಹುದು. ಅಕ್ಕಿಯನ್ನು ಮಂಡಿಯಲ್ಲಿ ಕೂಡಿಡಬಹುದು. ಒಂದು ದಿನ ಕಡಿಮೆ ಬಂದರೆ ಮರುದಿನದ ಗಾಡಿಗಾಗಿ ಕಾಯಬಹುದು. ವಿದ್ಯುತ್ತಿನಲ್ಲಿ ಈ ಅನುಕೂಲ ಬಲು ಕಡಿಮೆ. ಪ್ರತಿಕ್ಷಣದಲ್ಲಿಯೂ ಎಷ್ಟು ಬಳಕೆಯೋ ಅಷ್ಟೇ ಉತ್ಪಾದನೆಯಿರಬೇಕು. ನಮ್ಮ ದೇಶದ ವಿದ್ಯುತ್ಪ್ರವಾಹ ಸೆಕೆಂಡಿಗೆ 50 ಬಾರಿ ಆವರ್ತಿಸುವುದು. ಬಳಕೆ ಹೆಚ್ಚಾಗಿ ಉತ್ಪಾದನೆ ಸಾಲದಾದಾಗ, ಏರಿನಲ್ಲಿ ಭಾರ ಎಳೆಯುವ ಎತ್ತಿನ ನಡೆ ನಿಧಾನವಾಗುವಂತೆ, ಈ ಸಂಖ್ಯೆ ಇಳಿಯುವುದು. ಭಾರ ತಪ್ಪಿದಾಗ ಏರುವುದು. ಇದು 49.90ಕ್ಕೂ 50.05ಕ್ಕೂ ನಡುವೆಯೇ ಇರಬೇಕೆಂದು ಗ್ರಿಡ್ಡಿನ ನಿಯಮಾವಳಿ ವಿಧಿಸಿದೆ. ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಂತೆ ಎಲ್ಲ ವಿದ್ಯುದಾಗಾರಗಳೂ ಏಕಗತಿಯಲ್ಲಿ ನಡೆಯುವುದರಿಂದ, ಒಬ್ಬನ ತಪ್ಪಿನ ಫಲವನ್ನು ಎಲ್ಲರೂ ಉಣ್ಣಬೇಕಾಗುವುದು.

ಇದಕ್ಕೆ ದೃಷ್ಟಾಂತ ದೂರದಲ್ಲಿಲ್ಲ. 2012ನೆಯ ಇಸವಿ ಜುಲೈ 30 ಮತ್ತು 31ರಂದು ಉತ್ತರ ಭಾರತದ ಜಾಲ ಎರಡು ಸಲ ಕುಸಿದುಬಿದ್ದಿತು. ಎರಡನೆಯ ದಿನ ಪೂರ್ವದ ಮತ್ತು ಈಶಾನ್ಯದ ಜಾಲಗಳನ್ನೂ ತನ್ನೊಡನೆ ಎಳೆದುಕೊಂಡಿತು. ಸುಮಾರು 60 ಕೋಟಿ ಜನರು ನೆಲೆಸಿರುವ ಪ್ರದೇಶ ಕತ್ತಲಾಯಿತು. ರೈಲುಗಳು ದಾರಿಯಲ್ಲಿ ನಿಂತುವು. ವಿಚಾರಣೆಯಲ್ಲಿ ಕಂಡುಬಂದ ಕಾರಣಗಳು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದುವು. ಮುಖ್ಯ ಮಾರ್ಗಗಳಲ್ಲಿ ಕೆಲವನ್ನು ಕೆಲಸಕ್ಕಾಗಿ ನಿಲ್ಲಿಸಲಾಗಿತ್ತು. ಉಳಿದ ಮಾರ್ಗದ ಮೇಲೆ ಅತಿಭಾರ ಬಿದ್ದಿತು. ಕೆಲವು ರಾಜ್ಯಗಳು ತಮ್ಮ ಪಾಲಿಗಿಂತ ಹೆಚ್ಚಾಗಿ ಸೆಳೆದುಕೊಳ್ಳುತ್ತಿದ್ದುವು. ಒಬ್ಬೊಬ್ಬರ ಲೆಕ್ಕದಲ್ಲಿ ಸಣ್ಣವೆನಿಸಿದ ಸಂಗತಿಗಳು ಕೂಡಿ ಮಹಾವಿಪತ್ತಾದುವು. ಆಗ ದಕ್ಷಿಣದ ಜಾಲ ಉಳಿದವುಗಳೊಡನೆ ಏಕಗತಿಯಲ್ಲಿ ಬೆಸೆದಿರಲಿಲ್ಲವಾದ್ದರಿಂದ ನಾವು ಪಾರಾದೆವು. 2013ನೆಯ ಇಸವಿ ಡಿಸೆಂಬರ್ 31ರಂದು ನಮ್ಮ ರಾಯಚೂರಿನಿಂದ ಸೋಲಾಪುರಕ್ಕೆ ಹೋಗುವ 765 ಕಿಲೋವೋಲ್ಟಿನ ಮಾರ್ಗದಿಂದ ದಕ್ಷಿಣವೂ ಇಡೀ ದೇಶದ ಜಾಲಕ್ಕೆ ಸೇರಿತು. ಇದರಿಂದ ಕೊರತೆಯ ಕಾಲದಲ್ಲಿ ದೂರದ ವಿದ್ಯುತ್ತು ನಮಗೆ ದೊರೆಯುವುದು. ಜೊತೆಗೆ ದೂರದ ಆಪತ್ತಿಗೂ ಬಾಗಿಲು ತೆರೆದಂತಾಯಿತು. ಆದುದರಿಂದ ಒಡೆಯರೆಲ್ಲರೂ ಕೂಡಿ ಕುಳಿತುಕೊಳ್ಳುವ ಮಂಡಲಿಯ ಬೆಲೆ ಹಿಂದಿಗಿಂತ ಹೆಚ್ಚಿದೆ.

ಅಂಥ ಮಂಡಲಿ ನಮ್ಮ ಬೆಂಗಳೂರಿನಲ್ಲಿಯೇ ಇರುವುದು. 1964ರಲ್ಲಿ ದಕ್ಷಿಣ ಪ್ರಾಂತೀಯ ವಿದ್ಯುಚ್ಛಕ್ತಿ ಮಂಡಲಿಯೆಂಬ ಹೆಸರಿನಿಂದ ಸ್ಥಾಪಿತವಾದ ಇದು, 2003ರ ವಿದ್ಯುಚ್ಛಕ್ತಿ ಶಾಸನ ಬಂದಮೇಲೆ ದಕ್ಷಿಣ ಪ್ರಾಂತೀಯ ವಿದ್ಯುತ್ ಸಮಿತಿಯಾಯಿತು. ಆಂಧ್ರಪ್ರದೇಶ, ತೆಲಂಗಾಣ, ಕರ್ನಾಟಕ, ಕೇರಳ, ತಮಿಳುನಾಡು, ಪುದುಚೇರಿಗಳ ಪ್ರಸರಣ ಮತ್ತು ವಿತರಣ ಸಂಸ್ಥೆಗಳಿಗೂ, ಉತ್ಪಾದಕರಿಗೂ ಇದರಲ್ಲಿ ಸ್ಥಾನವುಂಟು. ಅಧ್ಯಕ್ಷಪದವಿ ಸರದಿಯಂತೆ ರಾಜ್ಯಗಳಿಗೆ ಹೋಗುವುದು. ಕ್ಷಣಕ್ಷಣಕ್ಕೂ ಆಜ್ಞೆ ಕೊಡುವ ಅಧಿಕಾರ ಇದಕ್ಕಿಲ್ಲ. ಅದು ಭಾರ ರವಾನಾ ಕೇಂದ್ರಗಳಿಗೆ ಸೇರಿದ್ದು. ಜಾಲದ ಸ್ಥಿರತೆ ಮತ್ತು ಮಿತವ್ಯಯಗಳನ್ನು ಕುರಿತು ಸದಸ್ಯರು ಪರಸ್ಪರ ಒಪ್ಪಂದಕ್ಕೆ ಬರುವ ಸ್ಥಳವಿದು. ಆಜ್ಞೆಗೂ ಒಪ್ಪಂದಕ್ಕೂ ಇರುವ ಈ ಭೇದವನ್ನು ಮನಸ್ಸಿನಲ್ಲಿಡಬೇಕು.

ಇಂಥ ಸಮಿತಿಯ ಕೆಲಸಗಳಲ್ಲಿ ಮೂರನ್ನು ಹೇಳಿದರೆ ಸಾಕು.

ಮೊದಲನೆಯದು, ನಿಲುಗಡೆಗಳ ಸರದಿ. ಯಾವ ಯಂತ್ರವನ್ನಾದರೂ ದುರಸ್ತಿಗಾಗಿ ನಿಲ್ಲಿಸಬೇಕಾಗುವುದು. ಇಬ್ಬರು ಒಡೆಯರು ಒಂದೇ ವಾರದಲ್ಲಿ ತಮ್ಮ ತಮ್ಮ ಮಾರ್ಗಗಳನ್ನು ನಿಲ್ಲಿಸಿದರೆ ಉಳಿದ ಮಾರ್ಗ ಕುಸಿಯುವುದು. ಆದಕಾರಣ ಯಾರು ಯಾವಾಗ ನಿಲ್ಲಿಸಬೇಕೆಂಬುದನ್ನು ಮುಂಚಿತವಾಗಿ ಕೂಡಿ ನಿಶ್ಚಯಿಸುವರು.

ಎರಡನೆಯದು, ರಕ್ಷಣೆಯ ಹೊಂದಾಣಿಕೆ. ಕೆ.ಬಿ. ಬಡಾವಣೆಯ ಒಂದು ಬೀದಿಯಲ್ಲಿ ಬೇವಿನ ಕೊಂಬೆ ತಂತಿಯ ಮೇಲೆ ಬಿದ್ದಿತೆನ್ನೋಣ. ಆಗ ಆ ಬೀದಿಯ ಫ್ಯೂಸು ಮೊದಲು ಹೋಗಬೇಕು. ಅದು ಕೆಲಸಮಾಡದಿದ್ದರೆ ಮಾತ್ರ ಬಡಾವಣೆಯ ಉಪಕೇಂದ್ರದ ಸ್ವಿಚ್ಚು ತೆರೆದುಕೊಳ್ಳಬೇಕು. ಗುತ್ತೂರಿನವರೆಗೆ ಆ ತೊಂದರೆ ಹೋಗಲೇಬಾರದು. ಇದಕ್ಕಾಗಿ ಪ್ರತಿ ಹಂತದಲ್ಲಿಯೂ ರಿಲೇ ಎಂಬ ಕಾವಲು ಉಪಕರಣಗಳನ್ನಿಟ್ಟು, ಒಂದಕ್ಕಿಂತ ಒಂದು ಸೆಕೆಂಡಿನ ಕೆಲವು ಅಂಶಗಳಷ್ಟು ತಡವಾಗಿ ಕೆಲಸಮಾಡುವಂತೆ ಹೊಂದಿಸಿರುವರು. ಹಿಂದಿನ ಕಾವಲುಗಾರ ಮುಂದಿನವನಿಗಿಂತ ಮೊದಲೇ ಎಚ್ಚೆತ್ತರೆ ಒಂದು ಬೀದಿಯ ಕತ್ತಲು ಇಡೀ ಊರಿನ ಕತ್ತಲಾಗುವುದು. ಒಂದು ಕಂಪನಿಯೊಳಗೆ ಇದನ್ನು ಅದರ ಎಂಜಿನಿಯರರೇ ನೋಡಿಕೊಳ್ಳುವರು. ದೊಡ್ಡ ಮಾರ್ಗಗಳಲ್ಲಿ ಇಬ್ಬರ ಆಸ್ತಿ ಕೂಡುವ ಸ್ಥಳದಲ್ಲಿ ಇಬ್ಬರೂ ಒಪ್ಪಿದ ಹೊಂದಾಣಿಕೆ ಬೇಕು. ದೊಡ್ಡ ಮಾರ್ಗ ಅಕಸ್ಮಾತ್ತಾಗಿ ನಿಂತಾಗ ಯಾವ ಕಾವಲು ತಪ್ಪಿತೆಂಬುದನ್ನು ಸಮಿತಿಯ ರಕ್ಷಣಾ ಉಪಸಮಿತಿ ಪರಿಶೀಲಿಸುವುದು.

ಮೂರನೆಯದು, ಲೆಕ್ಕ. ತಂತಿಯಲ್ಲಿ ಬೆರೆತ ವಿದ್ಯುತ್ತಿನ ಮೇಲೆ ಯಾರ ಹೆಸರೂ ಬರೆದಿರುವುದಿಲ್ಲ. ಆದುದರಿಂದ ದಿನವನ್ನು 15 ನಿಮಿಷಗಳ 96 ಭಾಗಗಳನ್ನಾಗಿ ಮಾಡಿ, ಪ್ರತಿ ಭಾಗದಲ್ಲಿಯೂ ಯಾರು ಎಷ್ಟು ಕೊಟ್ಟರು, ಯಾರು ಎಷ್ಟು ಸೆಳೆದರು ಎಂಬುದನ್ನು ಅಳೆಯುವರು. ಇದರ ಆಧಾರದಿಂದ ಸಮಿತಿಯ ಕಾರ್ಯಾಲಯ ಪ್ರಾಂತದ ಲೆಕ್ಕವನ್ನು ಹೊರಡಿಸುವುದು. ಇಬ್ಬರು ವ್ಯಾಪಾರಿಗಳ ನಡುವೆ ಇಬ್ಬರೂ ನಂಬುವ ತಕ್ಕಡಿಯಿದ್ದ ಹಾಗೆ ಈ ಲೆಕ್ಕ.

ಇನ್ನು ಅನಿಲದ ವಿಷಯ. ಕೊಂಕಣದ ಕರಾವಳಿಯ ದಾಭೋಲಿನಿಂದ ಬೆಂಗಳೂರಿಗೆ ಗೇಲ್ ಸಂಸ್ಥೆ ಹಾಕಿದ ದೊಡ್ಡ ಕೊಳವೆ 2013ರಲ್ಲಿ ಕೆಲಸಕ್ಕೆ ಬಂದಿತು. ಬೆಳಗಾವಿ, ಧಾರವಾಡಗಳಿಂದ ಬರುವ ಈ ಕೊಳವೆಯ ದಾರಿ ದಾವಣಗೆರೆ, ಚಿತ್ರದುರ್ಗ, ತುಮಕೂರು ಜಿಲ್ಲೆಗಳನ್ನು ಹಾಯುವುದು. ಊರುಗಳಲ್ಲಿ ಅನಿಲವನ್ನು ಹಂಚುವ ಹಕ್ಕನ್ನು ಕೊಡುವುದು 2006ರ ಶಾಸನದಂತೆ ರಚಿತವಾದ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಲಿ. 2018ರಲ್ಲಿ ನಡೆದ ಒಂಬತ್ತನೆಯ ಹರಾಜಿನಲ್ಲಿ ಚಿತ್ರದುರ್ಗ ಮತ್ತು ದಾವಣಗೆರೆ ಜಿಲ್ಲೆಗಳ ಹಕ್ಕು ಯೂನಿಸನ್ ಎನ್ವಿರೋ ಎಂಬ ಕಂಪನಿಗೆ ದೊರೆಯಿತು. 2024ರಲ್ಲಿ ಆ ಕಂಪನಿಯನ್ನು ಮುಂಬಯಿಯ ಮಹಾನಗರ ಗ್ಯಾಸ್ ಸಂಸ್ಥೆ ಕೊಂಡುಕೊಂಡಿತು. ಇಲ್ಲಿಯೂ ದೊಡ್ಡ ಕೊಳವೆಯ ಒಡೆಯರೊಬ್ಬರು, ಬೀದಿಯ ಕೊಳವೆಯ ಒಡೆಯರು ಬೇರೊಬ್ಬರು.

ಕೊಳವೆಯ ಜಾಲದ ತತ್ತ್ವವೂ ಒತ್ತಡವನ್ನು ಹಂತಹಂತವಾಗಿ ಇಳಿಸುವುದೇ. ಊರ ಹೊರಗೆ ಉಕ್ಕಿನ ಕೊಳವೆಯಲ್ಲಿ ವಾಯುಮಂಡಲದ ಒತ್ತಡದ ಹತ್ತಾರು ಪಟ್ಟು ಬಲದಿಂದ ಅನಿಲ ಹರಿಯುವುದು. ಬೀದಿಗಳಲ್ಲಿ ಪಾಲಿಥೀನ್ ಕೊಳವೆ, ಸುಮಾರು ನಾಲ್ಕು ಪಟ್ಟು ಒತ್ತಡ. ಒಲೆಯ ಬಳಿಗೆ ಬರುವ ಹೊತ್ತಿಗೆ ಉಳಿಯುವುದು 21 ಮಿಲಿಬಾರ್. ಒಂದು ಗೇಣು ಆಳದ ನೀರು ತಳವನ್ನು ಒತ್ತುವಷ್ಟೇ ಬಲ. ಇಷ್ಟು ಮೃದುವಾದ ಒತ್ತಡವಾದರೂ ಅಪಾಯವಿಲ್ಲವೆಂದಲ್ಲ. ಗಾಳಿಯಲ್ಲಿ ನೂರಕ್ಕೆ 5ರಿಂದ 15 ಪಾಲು ಈ ಅನಿಲ ಬೆರೆತರೆ ಒಂದು ಕಿಡಿ ಸಾಕು. ಅನಿಲಕ್ಕೆ ಸ್ವಭಾವತಃ ವಾಸನೆಯಿಲ್ಲ. ಸೋರಿದರೆ ತಿಳಿಯಲೆಂದೇ ಮರ್ಕ್ಯಾಪ್ಟನ್ ಜಾತಿಯ ದುರ್ವಾಸನೆಯ ದ್ರವ್ಯವನ್ನು ಬೆರೆಸುವರು. ಎಷ್ಟು ಬೆರೆಸಬೇಕು, ಕೊಳವೆಯನ್ನು ಎಷ್ಟು ಆಳದಲ್ಲಿ ಹೂಳಬೇಕು ಎಂಬಿವೆಲ್ಲ ಒಂದೊಂದು ಕಂಪನಿಯ ಇಷ್ಟಕ್ಕೆ ಬಿಡತಕ್ಕ ವಿಷಯಗಳಲ್ಲ. ನಿಯಂತ್ರಣ ಮಂಡಲಿ ಇವುಗಳಿಗೆ ಕಟ್ಟಳೆಗಳನ್ನು ಮಾಡಿದೆ. ವಿತರಕ ಕಂಪನಿಗಳಿಗೂ ತಮ್ಮದೇ ಆದ ಸಂಘವೊಂದಿದ್ದು, ಅವುಗಳ ಅನುಭವವನ್ನೂ ಬೇಡಿಕೆಗಳನ್ನೂ ಸರ್ಕಾರದ ಮುಂದಿಡುತ್ತಿದೆ.

ವಿದ್ಯುತ್ತು, ಅನಿಲ ಎರಡರ ಜಾಲಗಳನ್ನೂ ಒಂದೇ ಸಂಘಕ್ಕೆ ಸೇರಿಸಿದ ಉದಾಹರಣೆ ಬ್ರಿಟನ್ನಿನಲ್ಲಿ ಕಾಣುವುದು. ಅಲ್ಲಿ 2003ರಲ್ಲಿ ಎನರ್ಜಿ ನೆಟ್‌ವರ್ಕ್ಸ್ ಅಸೋಸಿಯೇಷನ್ ಎಂಬ ಸಂಘ ಹುಟ್ಟಿತು. ತಂತಿಯ ಕಂಪನಿಗಳೂ ಕೊಳವೆಯ ಕಂಪನಿಗಳೂ ಹಲವು ವರ್ಷ ಅದರಲ್ಲಿ ಜೊತೆಯಾಗಿದ್ದುವು. ಮುಂದೆ ಅನಿಲದವರು ತಮಗೆ ಬೇರೆ ಸಂಘ ಮಾಡಿಕೊಂಡರು. ಮನೆಯ ಮಾಳಿಗೆಯ ಮೇಲಿನ ಸೂರ್ಯಫಲಕವನ್ನು ಜಾಲಕ್ಕೆ ಕೂಡಿಸುವ ವಿಧಾನ ಒಂದೊಂದು ಊರಿಗೆ ಒಂದೊಂದಾಗದಂತೆ ಸಮಾನ ನಿಯಮ ಬರೆಯುವುದು ಈ ಸಂಘದ ಒಂದು ಕೆಲಸ. ಬಿರುಗಾಳಿ ಬಂದಾಗ ಒಂದು ಕಂಪನಿಯ ಕೆಲಸಗಾರರು ಇನ್ನೊಂದರ ನೆರವಿಗೆ ಹೋಗುವ ಏರ್ಪಾಡೂ ಅಲ್ಲಿ ಬಳಕೆಯಲ್ಲಿದೆ. 2016ರಲ್ಲಿ ಜಾಲದ ಕಂಪನಿಗಳೆಲ್ಲ ಸೇರಿ 105 ಎಂಬ ಒಂದೇ ದೂರವಾಣಿ ಸಂಖ್ಯೆಯನ್ನು ತಂದುವು. ದೀಪ ಹೋದವನು ತನ್ನ ಕಂಪನಿ ಯಾವುದೆಂದು ತಿಳಿಯದೆಯೂ ಕರೆಯಬಹುದು. ಒಡೆಯರು ಹಲವರಾದರೂ ಗೃಹಸ್ಥನಿಗೆ ಬಾಗಿಲು ಒಂದೇ ಕಾಣಬೇಕು. ಜಾಲಮಂಡಲಿಯ ಸಾರ್ಥಕತೆಯನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಕಂಪನಿಗಳ ಸಂಘ ಕಂಪನಿಗಳ ಪರವಾಗಿಯೇ ಮಾತನಾಡುವುದು. ಅದರಲ್ಲಿ ತಪ್ಪೇನೂ ಇಲ್ಲ, ಅದಕ್ಕಾಗಿಯೇ ಅದು ಹುಟ್ಟಿದೆ. ಆದರೆ ಸಂಘವನ್ನು ನ್ಯಾಯಸ್ಥಾನವೆಂದು ಭ್ರಮಿಸಬಾರದು. ದರವನ್ನೂ ಸೇವೆಯನ್ನೂ ಕುರಿತು ತೀರ್ಪು ಹೇಳತಕ್ಕದ್ದು ನಿಯಂತ್ರಣಾಧಿಕಾರಿ. ವಿದ್ಯುತ್ತಿನಲ್ಲಿ ನಮಗೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವುಂಟು. ಬೆಸ್ಕಾಂ ದರವನ್ನು ಹೆಚ್ಚಿಸಬೇಕೆಂದು ಕೇಳಿದರೆ ಆ ಅರ್ಜಿ ಪ್ರಕಟವಾಗಬೇಕು, ಆಕ್ಷೇಪಣೆಗಳಿಗೆ ಅವಕಾಶವಿರಬೇಕು, ಸಾರ್ವಜನಿಕ ವಿಚಾರಣೆಯಾದಮೇಲೆ ಆಯೋಗ ಆಜ್ಞೆ ಮಾಡುವುದು. ದಾವಣಗೆರೆಯ ಮಂಡಕ್ಕಿ ಭಟ್ಟಿಯ ಕೆಲಸಗಾರನೂ ಗಿರಣಿಯ ಯಜಮಾನನೂ ಅಲ್ಲಿ ಸಮಾನ ಹಕ್ಕಿನಿಂದ ಆಕ್ಷೇಪಣೆ ಬರೆದು ಕಳುಹಬಹುದು. ಸೇವೆಯ ಕುಂದುಕೊರತೆಗಳಿಗೆ ಗ್ರಾಹಕರ ವೇದಿಕೆಯೂ, ಅದರ ಮೇಲೆ ಓಂಬುಡ್ಸ್‌ಮನ್ ಎಂಬ ಅಧಿಕಾರಿಯೂ 2003ರ ಶಾಸನದಂತೆ ಇರುವರು.

ಅನಿಲದಲ್ಲಿ ಸ್ಥಿತಿ ಬೇರೆ. ನಿಯಂತ್ರಣ ಮಂಡಲಿ ಹಕ್ಕನ್ನು ಕೊಡುವುದು, ಸುರಕ್ಷತೆಯ ಕಟ್ಟಳೆಗಳನ್ನು ವಿಧಿಸುವುದು. ಆದರೆ ಮನೆಗೆ ಕೊಡುವ ಅನಿಲದ ಚಿಲ್ಲರೆ ಬೆಲೆಯನ್ನು ಅದು ಗೊತ್ತುಮಾಡುವುದಿಲ್ಲ. ಬೆಲೆಯನ್ನು ಕಂಪನಿಯೇ ಹೇಳುವುದು. ಒಂದೇ ಅಡುಗೆಮನೆಯಲ್ಲಿ ದೀಪದ ದರವನ್ನು ಕುರಿತು ಮಾತನಾಡಲು ನಮಗೆ ಕಾಯಿದೆಯ ವೇದಿಕೆಯುಂಟು, ಒಲೆಯ ದರವನ್ನು ಕುರಿತು ಅಂಥ ವೇದಿಕೆಯಿಲ್ಲ. ಕೊಳವೆಯ ಅನಿಲ ಇನ್ನೂ ಹೊಸದಾಗಿರುವಾಗಲೇ ಬಳಕೆದಾರರು ಈ ಭೇದವನ್ನು ಅರಿತಿರುವುದು ಒಳ್ಳೆಯದು. ಏಕೆಂದರೆ ಜಾಲವೊಂದು ನೆಲದಲ್ಲಿ ಬೇರುಬಿಟ್ಟ ಮೇಲೆ ಇನ್ನೊಂದು ಕೊಳವೆಯನ್ನು ಅದರ ಪಕ್ಕದಲ್ಲಿ ಹೂಳಲು ಯಾರೂ ಬರುವುದಿಲ್ಲ.

ತಂತಿಗೂ ಕೊಳವೆಗೂ ನಮ್ಮಲ್ಲಿ ನಿಯಂತ್ರಣಾಧಿಕಾರಿಗಳು ಬೇರೆ, ಸಮಿತಿಗಳು ಬೇರೆ. ಆದರೆ ಬೀದಿಯ ಮಣ್ಣು ಒಂದೇ. 2016ರಲ್ಲಿ ದಾವಣಗೆರೆ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ನಗರಗಳ ಪಟ್ಟಿಗೆ ಸೇರಿದಂದಿನಿಂದ ನೆಲದಡಿಯ ಕೆಲಸಗಳು ಹೆಚ್ಚಿವೆ. ನೀರಿನವರು ಅಗೆಯುವಾಗ ಕೇಬಲ್ಲಿಗೆ ಗುದ್ದಲಿ ತಗಲಬಹುದು; ಕೇಬಲ್ಲಿನವರು ಅಗೆಯುವಾಗ ಅನಿಲದ ಕೊಳವೆಗೆ ತಗಲಬಹುದು. ಅಗೆಯುವ ಮೊದಲು ನೆಲದಡಿಯ ಒಡೆಯರಿಗೆಲ್ಲ ತಿಳಿಸುವ ಸಲುವಾಗಿ ಭಾರತ ಸರ್ಕಾರ 2023ರಲ್ಲಿ ಮೊಬೈಲ್ ಫೋನಿನ ಏರ್ಪಾಡೊಂದನ್ನು ತಂದಿದೆ. ದೊಡ್ಡ ಮಂಡಲಿಗಳು ದೆಹಲಿ, ಬೆಂಗಳೂರುಗಳಲ್ಲಿ ಒಪ್ಪಂದ ಮಾಡಿಕೊಂಡರೆ ಸಾಲದು. ಬೀದಿಯನ್ನು ಅಗೆಯಲು ಅಪ್ಪಣೆ ಕೊಡುವ ನಗರಪಾಲಿಕೆಯ ಕಛೇರಿಯಲ್ಲಿ ಈ ಎಲ್ಲ ಒಡೆಯರ ನಕ್ಷೆಗಳೂ ಒಂದೇ ಮೇಜಿನ ಮೇಲೆ ಕೂಡಬೇಕು. ಕೆ.ಬಿ. ಬಡಾವಣೆಯ ನಿವಾಸಿಗಳು ತಮ್ಮ ಬೀದಿಯನ್ನು ಅಗೆಯಲು ಬಂದವರನ್ನು, “ನಕ್ಷೆ ನೋಡಿದ್ದೀರಾ?” ಎಂದು ಕೇಳುವುದು ಅಧಿಕಪ್ರಸಂಗವಲ್ಲ, ನಾಗರಿಕ ಧರ್ಮ.

ಎರಡು ಜಾಲಗಳೂ ಇನ್ನೂ ಹತ್ತಿರದಲ್ಲಿ ಕೂಡುವ ಸ್ಥಳ ನಮ್ಮ ಅಡುಗೆಮನೆ. ಅನಿಲದ ವಾಸನೆ ಬಂದಾಗ ದೀಪವಿಲ್ಲವೆಂದು ಗುಂಡಿಯನ್ನೊತ್ತಿದರೆ, ವಿದ್ಯುತ್ತಿನ ಸಣ್ಣ ಕಿಡಿಯೇ ಅನಿಲಕ್ಕೆ ಬೆಂಕಿಯಾಗುವುದು. ಉರಿಯುತ್ತಿರುವ ದೀಪವನ್ನು ಆರಿಸುವುದೂ ಕೂಡದು. ತಿರುಪನ್ನು ಮುಚ್ಚಿ, ಕಿಟಕಿ ಬಾಗಿಲುಗಳನ್ನು ತೆರೆದು, ಮನೆಯವರನ್ನೆಲ್ಲ ಹೊರಗೆ ಕರೆತಂದು, ಹೊರಗಿನಿಂದಲೇ ಕರೆಮಾಡಬೇಕು. ಕೊಳವೆಯ ಅನಿಲ ಗಾಳಿಗಿಂತ ಹಗುರ, ಮೇಲಕ್ಕೇರುವುದು. ಸಿಲಿಂಡರಿನ ಅನಿಲ ಭಾರ, ನೆಲದ ಮೇಲೆ ಹರಡುವುದು. ಸಿಲಿಂಡರಿನ ಸೋರಿಕೆಗೆ 1906, ವಿದ್ಯುತ್ತಿನ ದೂರಿಗೆ 1912. ಕೊಳವೆಯ ಅನಿಲವಿರುವವರು ತಮ್ಮ ಕಂಪನಿಯ ತುರ್ತು ಸಂಖ್ಯೆಯನ್ನು ಮುಂಚಿತವಾಗಿಯೇ ಬರೆದಿಟ್ಟುಕೊಂಡಿರಬೇಕು. ಬ್ರಿಟನ್ನಿನವರ ಒಂದೇ ಸಂಖ್ಯೆಯನ್ನು ಕುರಿತು ಹೇಳಿದುದು ಇದಕ್ಕಾಗಿಯೇ. ಆಪತ್ಕಾಲದಲ್ಲಿ ಯಾರ ಜಾಲ ಯಾವುದೆಂದು ಯೋಚಿಸುತ್ತ ನಿಲ್ಲಲು ಸಮಯವಿರುವುದಿಲ್ಲ.

ಒಟ್ಟಿನಲ್ಲಿ ಹೇಳುವುದಾದರೆ, ಕಂಪನಿ ತಂತಿಯನ್ನೆಳೆಯುವುದು, ಕೊಳವೆಯನ್ನು ಹೂಳುವುದು. ಮಂಡಲಿ ಒಡೆಯರನ್ನು ಒಂದು ನಡೆಗೆ ತರುವುದು. ನಿಯಂತ್ರಣಾಧಿಕಾರಿ ಅವರೆಲ್ಲರ ಮೇಲೆ ಕಟ್ಟಳೆ ವಿಧಿಸುವನು. ಈ ಮೂವರ ಕೆಲಸ ಒಂದರೊಳಗೊಂದು ಕಲಸಿಹೋಗದಂತೆ ನೋಡಿಕೊಳ್ಳತಕ್ಕ ನಾಲ್ಕನೆಯವರು, ಬಿಲ್ಲು ತೆರುವ ನಾವು. ದೂರು ಹೇಳುವಾಗ ಕಂಪನಿಯ ಬಾಗಿಲು ಯಾವುದು, ದರದ ವಿಷಯದಲ್ಲಿ ಆಯೋಗದ ಬಾಗಿಲು ಯಾವುದು ಎಂಬುದನ್ನು ತಿಳಿದ ಊರಿಗೆ ಬೆಳಕೂ ಉರಿಯೂ ಹೆಚ್ಚು ನಂಬಿಕೆಯಿಂದ ದೊರೆಯುವುವು.